ಗಂಡಸುತನ: ಹಾವೇರಿ ಸೀಮೆಯ ಕಲ್ಪನೆಗಳು

ಗಂಡಾಗಿ ಹುಟ್ಟಿದವನಿಂದ ಒಂದು ಸಮಾಜ ನಿರೀಕ್ಷಿಸುವ ಗುಣ, ನಡತೆ, ಮೈಕಟ್ಟು ಮತ್ತು ಹೊಣೆಗಳ ಒಟ್ಟು ಕಲ್ಪನೆಯೇ ಗಂಡಸುತನ. ಗಂಡುದೇಹ ಅದಕ್ಕೆ ಆಧಾರ. ಆದರೆ ದೇಹವಿದೆ ಎಂದಮಾತ್ರಕ್ಕೆ ಗಂಡಸುತನವೂ ಇದೆಯೆಂದು ಯಾವ ಊರೂ ಸುಮ್ಮನೆ ಒಪ್ಪುವುದಿಲ್ಲ. ಅದನ್ನು ನಾಲ್ಕು ಜನರ ಎದುರು ತೋರಿಸಬೇಕಾಗುತ್ತದೆ. ಹೇಗೆ ತೋರಿಸಬೇಕು ಎಂಬುದು ಕಾಲಕ್ಕೆ, ಜಾತಿಗೆ, ಕಸುಬಿಗೆ ತಕ್ಕಂತೆ ಬದಲಾಗುತ್ತ ಬಂದಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನೊಳಗೊಂಡ ಸೀಮೆಯಲ್ಲಿ ಈ ಬದಲಾವಣೆಯ ಕುರುಹುಗಳು ಶಾಸನ, ವೀರಗಲ್ಲು, ಭಕ್ತರ ಚರಿತ್ರೆ, ಆಚರಣೆ ಮತ್ತು ಆಟಗಳಲ್ಲಿ ಸುಮಾರು 900 ವರ್ಷಗಳಷ್ಟು ಹಿಂದಿನಿಂದ ಸಿಗುತ್ತವೆ. ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳು 1997ರಿಂದ ಹಾವೇರಿ ಜಿಲ್ಲೆಯಲ್ಲಿವೆ.

ಪರಿಭಾಷೆ

ಈ ಲೇಖನದಲ್ಲಿ ‘ಗಂಡು’ ಎಂಬುದು ದೈಹಿಕ ಲಿಂಗಕ್ಕೆ, ‘ಗಂಡಸುತನ’ ಎಂಬುದು ಅದರ ಮೇಲೆ ಸಮಾಜ ಕಟ್ಟಿದ ಕಲ್ಪನೆಗೆ ನಿಂತಿದೆ. ‘ಪೌರುಷ’ಕ್ಕೆ ಆಡುಮಾತಿನಲ್ಲಿ ಪರಾಕ್ರಮ, ಲೈಂಗಿಕ ಸಾಮರ್ಥ್ಯ ಎಂಬ ಎರಡೂ ಅರ್ಥಗಳಿರುವುದರಿಂದ ಇಲ್ಲಿ ಅದನ್ನು ಪರಾಕ್ರಮಕ್ಕಷ್ಟೇ ಬಳಸಲಾಗಿದೆ.

ದೈಹಿಕ ನೆಲೆ

ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸವನ್ನು ಈ ಸೀಮೆಯ ರೈತರು ಪ್ರಯೋಗಾಲಯದಿಂದ ಕಲಿಯಬೇಕಾಗಿರಲಿಲ್ಲ. ಬೀಜ ಒಡೆಸಿದ ಹೋರಿ ನೊಗಕ್ಕೆ ಒಗ್ಗುತ್ತದೆ, ಹಾಯುವುದನ್ನು ಬಿಡುತ್ತದೆ, ಅದರ ಹೆಗಲ ಮೇಲಿನ ಡುಬ್ಬ ಅಷ್ಟಾಗಿ ಬೆಳೆಯುವುದಿಲ್ಲ. ಇದೇ ತಿಳಿವಳಿಕೆಯನ್ನು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಎ.ಎ. ಬರ್ತೋಲ್ಡ್ 1849ರಲ್ಲಿ ಪ್ರಯೋಗಕ್ಕೆ ಒಡ್ಡಿದ. ಹುಂಜಗಳ ವೃಷಣ ತೆಗೆದಾಗ ಜುಟ್ಟು ಬಾಡಿತು, ಕೂಗು ಮತ್ತು ಕಾದಾಟ ನಿಂತವು. ವೃಷಣವನ್ನು ಹೊಟ್ಟೆಯೊಳಗೆ ಕಸಿ ಮಾಡಿದ ಹುಂಜಗಳಲ್ಲಿ ಅವೆಲ್ಲ ಮರಳಿದವು. ವೃಷಣದಿಂದ ರಕ್ತಕ್ಕೆ ಏನೋ ಸೇರುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ವಸ್ತುವನ್ನು 1935ರಲ್ಲಿ ಬೇರ್ಪಡಿಸಿ ಟೆಸ್ಟೊಸ್ಟೆರೋನ್ ಎಂದು ಹೆಸರಿಟ್ಟರು.

ಮನುಷ್ಯರಲ್ಲಿ ಗಂಡುದೇಹದ ರಚನೆ ಗರ್ಭದಲ್ಲೇ ತೊಡಗುತ್ತದೆ. ಆರೇಳು ವಾರಗಳವರೆಗೆ ಹೆಣ್ಣು-ಗಂಡು ಭ್ರೂಣಗಳ ಜನನಗ್ರಂಥಿ ಒಂದೇ ತೆರನಾಗಿರುತ್ತದೆ. ಆಮೇಲೆ ವೈ ವರ್ಣತಂತುವಿನ ಮೇಲಿನ ಎಸ್‌ಆರ್‌ವೈ ಎಂಬ ಜೀನ್ ಕೆಲಸ ಮಾಡಿದರೆ ಅದು ವೃಷಣವಾಗಿ ಬೆಳೆಯುತ್ತದೆ. ಈ ಜೀನನ್ನು ಗುರುತಿಸಿದ್ದು 1990ರಲ್ಲಿ. ಹರೆಯದಲ್ಲಿ ಟೆಸ್ಟೊಸ್ಟೆರೋನ್ ಏರಿ ಮೀಸೆ-ಗಡ್ಡ, ಒಡೆದ ದನಿ, ಹೆಚ್ಚಿನ ಸ್ನಾಯುಬಲ ಬರುತ್ತವೆ. ವಯಸ್ಕ ಗಂಡಿನ ಒಂದು ಡೆಸಿಲೀಟರ್ ರಕ್ತದಲ್ಲಿ ಇದು ಸಾಮಾನ್ಯವಾಗಿ 300ರಿಂದ 1,000 ನ್ಯಾನೋಗ್ರಾಂವರೆಗೆ ಇರುತ್ತದೆ; ಹೆಣ್ಣಿನ ರಕ್ತದಲ್ಲೂ ಇದು ಇರುತ್ತದೆ, ಪ್ರಮಾಣ ಮಾತ್ರ ಬಹಳ ಕಡಿಮೆ.

ಎತ್ತರ, ರಟ್ಟೆಯ ಬಲ, ದನಿಗಳಲ್ಲಿ ಹೆಣ್ಣು-ಗಂಡಿನ ಸರಾಸರಿ ಅಂತರ ದೊಡ್ಡದು. ಬುದ್ಧಿ ಮತ್ತು ಸ್ವಭಾವದ ಅಳತೆಗಳಲ್ಲಿ ಹೆಚ್ಚಿನವುಗಳ ಅಂತರ ಸಣ್ಣದು. ಹಾರ್ಮೋನು ಮತ್ತು ನಡತೆಯ ನಂಟಂತೂ ಒಮ್ಮುಖವಲ್ಲ. ಪೈಪೋಟಿ ಎದುರಾದಾಗ ಟೆಸ್ಟೊಸ್ಟೆರೋನ್ ಏರಬಹುದು. ಮಗುವನ್ನು ನೋಡಿಕೊಳ್ಳುವ ತಂದೆಯಲ್ಲಿ ಅದು ಇಳಿಯುತ್ತದೆಂದು ಫಿಲಿಪ್ಪೀನ್ಸಿನ ಸೆಬು ನಗರದಲ್ಲಿ 600ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಂದರೆ ಸಮಾಜ ಒಪ್ಪಿಸಿದ ಕೆಲಸವೂ ರಕ್ತದೊಳಗಿನ ಪ್ರಮಾಣವನ್ನು ಬದಲಿಸುತ್ತದೆ. ಇನ್ನೊಂದು ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಸ್ವಿಟ್ಜರ್ಲೆಂಡಿನ ಸಂಶೋಧಕರು ಹಣ ಹಂಚುವ ಆಟಕ್ಕೆ ಮುನ್ನ ಕೆಲವು ಹೆಂಗಸರಿಗೆ ಟೆಸ್ಟೊಸ್ಟೆರೋನ್, ಉಳಿದವರಿಗೆ ಸತ್ವವಿಲ್ಲದ ಔಷಧ ಕೊಟ್ಟಿದ್ದರು. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾಗಿ ಹಂಚಿದರು. ಪಡೆದಿದ್ದೇವೆ ಎಂದು ನಂಬಿದವರು, ನಿಜಕ್ಕೂ ಪಡೆದಿರಲಿ ಬಿಡಲಿ, ಕಡಿಮೆ ನ್ಯಾಯದಿಂದ ನಡೆದುಕೊಂಡರು. ಹಾರ್ಮೋನಿಗಿಂತ ಅದರ ಹೆಸರಿಗೆ ಅಂಟಿದ ನಂಬಿಕೆಯೇ ಒರಟಾಗಿ ಕೆಲಸ ಮಾಡಿತ್ತು.

ವೀರಗಲ್ಲು

ಗಂಡಸುತನದ ಹಳೆಯ ದಾಖಲೆ ಈ ಸೀಮೆಯಲ್ಲಿ ಕಲ್ಲಿನದು. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಅಥವಾ ಇಷ್ಟದೇವತೆಯ ಸನ್ನಿಧಿ. ಸಾವಿನ ಕಾರಣಗಳು ಕೆಲವೇ. ತುರುಗೊಳ್ ಎಂದರೆ ದನಗಳ ಸೂರೆ, ಊರಳಿವು, ಗಡಿಯ ಜಗಳ, ಬೇಟೆ, ಮತ್ತು ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೇಲೆ ಕೈ ಮಾಡಿದವರನ್ನು ತಡೆಯುವ ಹೋರಾಟ. ದನ, ಊರು, ಹೆಣ್ಣು ಈ ಮೂರನ್ನೂ ಕಾಯುವವನೇ ಗಂಡು ಎಂಬ ಎಣಿಕೆ ಈ ಪಟ್ಟಿಯಲ್ಲೇ ಇದೆ. ಹೆಣ್ಣು ದನದ ಸಾಲಿಗೇ ಸೇರಿದ್ದಾಳೆ ಎಂಬುದೂ ಕಾಣುತ್ತದೆ.

ಹಾನಗಲ್ಲಿನ ಒಂದು ವೀರಗಲ್ಲು 1196ರ ಮುತ್ತಿಗೆಗೆ ಸಂಬಂಧಿಸಿದ್ದು. ಹೊಯ್ಸಳ ಇಮ್ಮಡಿ ಬಲ್ಲಾಳ ಆನಿಕೆರೆಯ ಬಳಿ ಬೀಡುಬಿಟ್ಟು ಪಟ್ಟಣವನ್ನು ಮುತ್ತಿದಾಗ ಕದಂಬ ಕಾಮದೇವನ ಸೇನಾನಿ ಸೋಹಣಿ ಅವನನ್ನು ಹಿಮ್ಮೆಟ್ಟಿಸಿ ಆ ಕಾಳಗದಲ್ಲೇ ಮಡಿದ. ಗೆದ್ದು ಬದುಕಿದವನಿಗೆ ಸಿಗುವುದು ಉಂಬಳಿ, ಬಿರುದು. ಕಲ್ಲಾಗುವ ಮಾನ ಸತ್ತವನದು. ಕನ್ನಡನಾಡಿನ ವೀರಗಲ್ಲುಗಳನ್ನು ಆರ್. ಶೇಷಶಾಸ್ತ್ರಿಯವರು ವ್ಯವಸ್ಥಿತವಾಗಿ ಅಧ್ಯಯನ ಮಾಡಿದ್ದಾರೆ. ಗಂಡನೊಡನೆ ಚಿತೆಯೇರಿದ ಹೆಂಗಸಿಗೆ ಮಾಸ್ತಿಕಲ್ಲು ನಿಲ್ಲಿಸುತ್ತಿದ್ದರು; ಬಳೆ ತೊಟ್ಟು ಮೇಲೆತ್ತಿದ ಕೈ ಅದರ ಗುರುತು.

ಅಬಲೂರಿನ ಏಕಾಂತದ ರಾಮಯ್ಯ

ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಇದೇ ವೀರಾದರ್ಶ ಯುದ್ಧಭೂಮಿಯಿಂದ ದೇವಸ್ಥಾನಕ್ಕೆ ಬಂದದ್ದನ್ನು ನೋಡಬಹುದು. ಅಲ್ಲಿನ ಸೋಮೇಶ್ವರ ದೇವಾಲಯದ ಸುಮಾರು ಕ್ರಿ.ಶ. 1200ರ ಶಾಸನವನ್ನು ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಆಳಂದೆಯ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಪುಲಿಗೆರೆಯ ಸೋಮನಾಥನ ಭಕ್ತನಾಗಿದ್ದ ರಾಮಯ್ಯ ಅಬಲೂರಿಗೆ ಬಂದಾಗ, ಸಂಕಗೌಡನ ಮುಂದಾಳತನದ ಜೈನರಿಗೂ ಅವನಿಗೂ ದೇವರ ಹೆಚ್ಚುಗಾರಿಕೆಯ ಬಗ್ಗೆ ವಾದ ಬೆಳೆಯಿತು. ತನ್ನ ತಲೆಯನ್ನು ಕಡಿದು ಶಿವನಿಗೆ ಅರ್ಪಿಸಿ ಮರಳಿ ಪಡೆಯುವೆನೆಂದು, ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸಬೇಕೆಂದು ಅವನು ಪಣ ಒಡ್ಡಿದ. ಎದುರಾಳಿಗಳು ಓಲೆ ಬರೆದುಕೊಟ್ಟರು. ಕಡಿದ ತಲೆ ಏಳನೆಯ ದಿನದ ಮೇಲೆ ಗಾಯದ ಕಲೆಯೂ ಇಲ್ಲದೆ ಕೂಡಿಕೊಂಡಿತೆಂದು ಶಾಸನ ಹೇಳುತ್ತದೆ. ಮಾತು ನಡೆಯದಿದ್ದಾಗ ರಾಮಯ್ಯ ಬಿಂಬವನ್ನು ಒಡೆದ, ದೂರು ಕಳಚುರಿ ಬಿಜ್ಜಳನ ತನಕ ಹೋಯಿತು, ಬಿಜ್ಜಳ ಜಯಪತ್ರ ಕೊಟ್ಟ. ವೀರಸೋಮನಾಥ ದೇವಾಲಯ ಎದ್ದಿತು. ಹಾನಗಲ್ಲ ಕದಂಬರ ಕಾಮದೇವನೂ ಅದಕ್ಕೆ ದತ್ತಿ ಬಿಟ್ಟ. ಕತೆಯ ಕೆಲವು ಘಟನೆಗಳು ದೇವಾಲಯದಲ್ಲಿ ಉಬ್ಬುಶಿಲ್ಪವಾಗಿವೆ, ಕೆಳಗೆ ಕಿರುಬರಹಗಳೂ ಇವೆ. ಹರಿಹರ ಇದೇ ಭಕ್ತನ ಮೇಲೆ ರಗಳೆ ಬರೆದಿದ್ದಾನೆ.

ಇದು ಗೆದ್ದ ಪಕ್ಷದ ದಾಖಲೆ, ಜೈನರ ಹೇಳಿಕೆ ಇದರಲ್ಲಿಲ್ಲ. ಆದರೂ ಗಂಡಸುತನದ ಚರಿತ್ರೆಗೆ ಇದು ಮುಖ್ಯವಾದುದು. ರಾಮಯ್ಯ ಸೈನಿಕನಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಕತ್ತಿ ಬೀಳುವುದು ಅವನದೇ ಕೊರಳ ಮೇಲೆ. ಒಡೆಯನಿಗಾಗಿ ತಲೆ ಕೊಡುವ ವೇಳೆವಾಳಿ, ಬಿದಿರಿನ ಗಳಕ್ಕೆ ಮುಡಿ ಕಟ್ಟಿ ತಲೆ ಕಡಿಸಿಕೊಳ್ಳುವ ಸಿಡಿತಲೆ ಎಂಬ ಪದ್ಧತಿಗಳು ಮೊದಲೇ ಇದ್ದವು. ಒಡೆಯನ ಜಾಗದಲ್ಲಿ ದೇವರು ಬಂದಾಗ ಅದೇ ಧೈರ್ಯ ‘ವೀರ’ ಭಕ್ತಿಯಾಯಿತು. ನೋವು ತಿನ್ನುವುದನ್ನು ಗಂಡುಗುರುತಾಗಿ ಎಣಿಸುವ ಆಚರಣೆಗಳು ಇಂದಿಗೂ ಉಳಿದಿವೆ. ವೀರಭದ್ರನ ಜಾತ್ರೆಗಳಲ್ಲಿ ಪುರವಂತರು ಒಡಪು ಹೇಳುತ್ತ ಕೆನ್ನೆ, ನಾಲಿಗೆಗೆ ಶಸ್ತ್ರ ಹಾಕಿಕೊಳ್ಳುತ್ತಾರೆ. ಮೈಲಾರಲಿಂಗನ ಕ್ಷೇತ್ರಗಳಲ್ಲಿ ಕಂಚಾವೀರರು ಪವಾಡ ಮಾಡುತ್ತಾರೆ.

ಭಕ್ತ ಮತ್ತು ವಿರಕ್ತ

ತಲೆ ಕೊಡುವವನ ಪಕ್ಕದಲ್ಲೇ ಇನ್ನೊಂದು ಮಾದರಿ ಬೆಳೆದಿದೆ. ವಚನಕಾರರ ‘ಶರಣಸತಿ ಲಿಂಗಪತಿ’ ಭಾವದಲ್ಲಿ ಭಕ್ತ ಗಂಡಾಗಿದ್ದರೂ ಲಿಂಗದ ಹೆಂಡತಿ. ಜೇಡರ ದಾಸಿಮಯ್ಯನಂಥವರು ಒಳಗಿನ ಆತ್ಮಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲವೆಂದರು. ಭೇದವನ್ನು ಹೊರಮೈಗಷ್ಟೇ ಬಿಟ್ಟ ಈ ನಿಲುವು ಇಂದಿನ ದೇಹ-ಕಲ್ಪನೆಗಳ ವಿಂಗಡಣೆಗೆ ಹತ್ತಿರದ್ದು.

ಶಿಗ್ಗಾಂವಿ ತಾಲ್ಲೂಕಿನ ಬಾಡದ ತಿಮ್ಮಪ್ಪನಾಯಕ ಸೀಮೆಯ ಪಾಳೆಯಗಾರನಾಗಿ ಕತ್ತಿ ಹಿಡಿದವನು. ಯುದ್ಧದಲ್ಲಿ ಗಾಯಗೊಂಡ ಮೇಲೆ ಅದನ್ನು ಬಿಟ್ಟು ಕನಕದಾಸನಾದನೆಂದು ಪರಂಪರೆ ನಂಬುತ್ತದೆ. ಅದೇ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಅನುಭಾವವನ್ನು ಹೇಳಲು ಮನೆಗೆಲಸದ, ಹೆಣ್ಣುದನಿಯ ಹಾಡುಗಳನ್ನು ಆಯ್ದುಕೊಂಡರು. ಅಬಲೂರಿನೊಡನೆಯೂ ಮಾಸೂರಿನೊಡನೆಯೂ ಹೆಸರು ಕೂಡಿಕೊಂಡಿರುವ ಸರ್ವಜ್ಞ ಮನೆ-ಮಡದಿ ಕಟ್ಟಿಕೊಳ್ಳದ ಅಲೆಮಾರಿ. ಆದರೆ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಅವನ ತ್ರಿಪದಿಗಳಲ್ಲಿ ಸಂಸಾರಸುಖದ ಹೊಗಳಿಕೆ, ಹೆಣ್ಣಿನ ಬಗ್ಗೆ ಗುಮಾನಿ ಎರಡೂ ಧಾರಾಳವಾಗಿವೆ. ಸಂಸಾರದ ಹೊರಗೆ ನಿಂತವನು ಸಂಸಾರಿಗಳಿಗೆ ಗಂಡಸಿನ ಲೆಕ್ಕ ಹೇಳಿಕೊಟ್ಟದ್ದು ಗಮನಿಸಬೇಕಾದ ಸಂಗತಿ.

ವಿರಕ್ತ ಮಾದರಿಗೆ ಸಂಸ್ಥೆಯ ರೂಪ ಕೊಟ್ಟವರು ಹಾನಗಲ್ಲ ಕುಮಾರಸ್ವಾಮಿಗಳು (1867–1930). ಬಾದಾಮಿಯ ಬಳಿ 1909ರಲ್ಲಿ ಅವರು ಆರಂಭಿಸಿದ ಶಿವಯೋಗಮಂದಿರದಲ್ಲಿ ವಟುಗಳಿಗೆ ಬ್ರಹ್ಮಚರ್ಯ, ವ್ಯಾಯಾಮ, ಶಾಸ್ತ್ರಗಳ ತರಬೇತಿ ಒಟ್ಟಿಗೆ ಸಿಗುತ್ತಿತ್ತು. ಬಲವನ್ನು ಬಳಸದೆ ಕಾಯ್ದಿಟ್ಟುಕೊಳ್ಳುವುದೂ ಗಂಡಸುತನ ಎಂಬ ನಿಲುವು ಇಲ್ಲಿಯದು.

ಜೋಕುಮಾರ

ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೆ ಜೋಕುಮಾರ ಹುಟ್ಟುತ್ತಾನೆ, ಹುಣ್ಣಿಮೆಗೆ ಸಾಯುತ್ತಾನೆ. ಅವನ ಆಯುಸ್ಸು ಏಳು ದಿನ. ಮಣ್ಣಿನ ಮೂರ್ತಿಗೆ ಅಗಲ ಕಣ್ಣು, ಹುರಿಮೀಸೆ, ಎದ್ದುಕಾಣುವ ಜನನಾಂಗ. ಅಂಬಿಗರ ಮನೆತನದ ಹೆಂಗಸರು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಮನೆಮನೆಗೆ ಹೊತ್ತು ಹಾಡುತ್ತಾರೆ. ಜನ ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಕತೆಯಲ್ಲಿ ಇವನು ಮಳೆ ತರುವವನು, ಜೊತೆಗೆ ಊರ ಹೆಣ್ಣುಗಳ ಮೇಲೆ ಕಣ್ಣು ಹಾಕಿದವನು; ಮಡಿವಾಳರ ಹೆಣ್ಣನ್ನು ಕೆಣಕಿದ್ದಕ್ಕೆ ಅವನನ್ನು ಕೊಂದು ಹೊಳೆಗೆ ಹಾಕುತ್ತಾರೆ.

ಬೆಳೆಗೆ ಬೇಕಾದ ಬೀಜಶಕ್ತಿಯನ್ನು ಪೂಜಿಸಿ, ಅದು ಹದ್ದು ಮೀರಿದಾಗ ಶಿಕ್ಷಿಸುವ ಈ ಆಚರಣೆಯಲ್ಲಿ ಹೊರುವವರೂ ಹಾಡುವವರೂ ಹೆಂಗಸರೇ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ನಾಟಕ ಇದನ್ನೇ ಎತ್ತಿಕೊಂಡು, ಭೂಮಿ ಕಬಳಿಸಿದ ಆದರೆ ಸಂತಾನಶಕ್ತಿಯಿಲ್ಲದ ಗೌಡನಿಗೂ ಉಳುವ ಬಸಣ್ಣನಿಗೂ ನಡುವೆ ಭೂಮಿ ಯಾರದು, ಹೆಣ್ಣು ಯಾರವಳು ಎಂಬ ಪ್ರಶ್ನೆಯನ್ನಿಡುತ್ತದೆ. ಗಿರೀಶ ಕಾರ್ನಾಡರ ‘ಹಯವದನ’ (1971) ತಲೆ-ದೇಹಗಳನ್ನು ಅದಲುಬದಲು ಮಾಡಿ, ಗಂಡ ಯಾರೆಂಬುದನ್ನು ಯಾವುದು ನಿರ್ಧರಿಸುತ್ತದೆ ಎಂದು ಕೇಳುತ್ತದೆ.

ಗರಡಿ

ಕುಸ್ತಿಯ ಮಟ್ಟಿ, ಹನುಮಂತನ ಪಟ, ಲಂಗೋಟಿ, ದಂಡ-ಬೈಠಕ್: ಉತ್ತರ ಕರ್ನಾಟಕದ ಗರಡಿಮನೆಯ ಸಾಮಾನ್ಯ ರೂಪವಿದು. ಗುಂಡುಕಲ್ಲು, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳು ಜಾತ್ರೆಗಳಲ್ಲಿ ನಡೆಯುತ್ತವೆ. ಗರಡಿಯ ಶಿಸ್ತಿಗೆ ಆಧಾರವಾಗಿರುವುದು ಹಾಲು-ತುಪ್ಪ-ಬಾದಾಮಿಯಿಂದ ರಕ್ತ, ರಕ್ತದಿಂದ ಕೊನೆಗೆ ಶುಕ್ರಧಾತು, ಅದನ್ನು ಉಳಿಸಿಕೊಂಡರೆ ಬಲ ಎಂಬ ಆಯುರ್ವೇದಮೂಲದ ತಿಳಿವಳಿಕೆ. ಶರೀರಶಾಸ್ತ್ರ ಇದನ್ನು ಒಪ್ಪುವುದಿಲ್ಲ. ವೀರ್ಯ ನಿರಂತರವಾಗಿ ತಯಾರಾಗುತ್ತದೆ, ಅದರ ವಿಸರ್ಜನೆಯಿಂದ ಸ್ನಾಯುಬಲ ಕುಂದುವುದಿಲ್ಲ. ಆದರೆ ನಂಬಿಕೆ ದೇಹವನ್ನು ಬಾಧಿಸುತ್ತದೆ. ‘ಧಾತು ಹೋಗುತ್ತಿದೆ’ ಎಂದು ಸುಸ್ತು, ಬೆನ್ನುನೋವು, ಚಿಂತೆ ಹೇಳಿಕೊಂಡು ಬರುವ ಯುವಕರ ತೊಂದರೆಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ಊರ ಗೋಡೆಗಳ ಮೇಲಿನ ‘ಗುಪ್ತರೋಗ’ದ ಜಾಹೀರಾತುಗಳು ಬದುಕಿರುವುದು ಈ ಭಯದ ಮೇಲೆಯೇ.

ಹೋರಿ ಹಬ್ಬ

ದೀಪಾವಳಿಯ ಬಲಿಪಾಡ್ಯಮಿಯಿಂದ ತೊಡಗಿ ತಿಂಗಳುಗಟ್ಟಲೆ ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಊರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬ ಈ ಸೀಮೆಯ ಗಂಡಸುತನದ ಅತ್ಯಂತ ಬಹಿರಂಗ ಪರೀಕ್ಷೆ. ಹೋರಿಯ ಕೋಡಿಗೆ ಕೋಡಣಸು, ಬೆನ್ನಿಗೆ ಜೂಲು, ಮೈತುಂಬ ಬಲೂನು-ರಿಬ್ಬನ್, ಕೊರಳಿಗೆ ಒಣಕೊಬ್ಬರಿಯ ಸರ. ಅಖಾಡದ ಎರಡೂ ಕಡೆ ಜನ. ಒಂದೊಂದಾಗಿ ಬಿಟ್ಟ ಹೋರಿ ನುಗ್ಗಿ ಬರುವಾಗ ನಡುವೆ ನಿಂತ ಯುವಕರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಕೊಬ್ಬರಿ ಹರಿದರೆ ಗೆಲುವು ಯುವಕನದು. ಸರ ಉಳಿಸಿಕೊಂಡು ದಾಟಿದರೆ ಹೋರಿಯದು. ಬಹುಮಾನವಾಗಿ ಬಂಗಾರ, ಫ್ರಿಜ್, ಬೈಕ್ ಇಡುತ್ತಾರೆ.

ಹೊಲದ ದುಡಿಮೆಗೆ ಬೇಕಾದದ್ದು ಎತ್ತು, ಅಖಾಡಕ್ಕೆ ಬೇಕಾದದ್ದು ಹೋರಿ. ಟ್ರ್ಯಾಕ್ಟರ್ ಬಂದು ಎತ್ತುಗಳು ಇಳಿಮುಖವಾದ ಮೇಲೂ ಗೇಯದ ಈ ಹೋರಿಗಳಿಗೆ ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ, ಈಜಾಡಿಸಿ, ಓಡಿಸಿ ಸಾಕುವ ಖರ್ಚನ್ನು ಮನೆಗಳು ಹೊರುತ್ತವೆ. ಹೆಸರಾದ ಹೋರಿಗೆ ಸಿನಿಮಾ ನಾಯಕರಂತೆ ಬಿರುದು, ಬ್ಯಾನರ್, ಅಭಿಮಾನಿ ಬಳಗ; ಸತ್ತರೆ ಮೆರವಣಿಗೆಯಲ್ಲಿ ಅಂತ್ಯಕ್ರಿಯೆ. ಎದುರಾಳಿಯ ಪೌರುಷ ದೊಡ್ಡದಾದಷ್ಟೂ ಅದನ್ನು ಹಿಡಿದವನದೂ ದೊಡ್ಡದು ಎಂಬ ವೀರಗಲ್ಲಿನ ತರ್ಕವೇ ಇಲ್ಲಿಯೂ ನಡೆಯುತ್ತದೆ. ಸಾಕಿ ಪಳಗಿಸುವಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದಿದ್ದರೂ ಅಖಾಡ ಗಂಡಸರದು.

ತಿವಿತದಿಂದ ಸಾವು-ನೋವುಗಳು ಆಗುತ್ತಲೇ ಇವೆ. ಸತ್ತವರಲ್ಲಿ ಅಂಚಿನಲ್ಲಿ ನಿಂತು ನೋಡುತ್ತಿದ್ದವರೂ ಸೇರಿದ್ದಾರೆ. ಸುಪ್ರೀಂ ಕೋರ್ಟ್ 2014ರಲ್ಲಿ ಜಲ್ಲಿಕಟ್ಟು ಮತ್ತು ಗೂಳಿ ಓಟಗಳನ್ನು ತಡೆದಾಗ ಇಂಥ ಆಟಗಳೆಲ್ಲ ಅನುಮಾನಕ್ಕೆ ಬಿದ್ದವು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನಗಾಡಿ ಓಟಗಳಿಗೆ ರಕ್ಷಣೆ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ವಸಾಹತು ಕಾಲ

ಬ್ರಿಟಿಷ್ ಆಡಳಿತ ಭಾರತೀಯರನ್ನು ‘ಯುದ್ಧವೀರ ಕುಲಗಳು’ ಮತ್ತು ಗಂಡಸುತನವಿಲ್ಲದವರು ಎಂದು ವಿಂಗಡಿಸಿತು. ಅಶಿಶ್ ನಂದಿಯವರು 1983ರ ತಮ್ಮ ಗ್ರಂಥದಲ್ಲಿ ಇದಕ್ಕೆ ಬಂದ ಎರಡು ಉತ್ತರಗಳನ್ನು ವಿವರಿಸಿದ್ದಾರೆ: ಒಂದು ಆಳುವವರಂತೆಯೇ ಕ್ಷಾತ್ರವನ್ನು ಬೆಳೆಸಿಕೊಳ್ಳುವುದು, ಇನ್ನೊಂದು ಗಾಂಧೀಜಿಯ ಅಹಿಂಸೆಯ ದಾರಿ. ಮೋಟೆಬೆನ್ನೂರಿನ ಮೈಲಾರ ಮಹಾದೇವನ (1911–1943) ಬದುಕು ಎರಡನ್ನೂ ಮುಟ್ಟುತ್ತದೆ. 1930ರ ದಂಡಿ ಯಾತ್ರೆಯಲ್ಲಿ ನಡೆದ ಕನ್ನಡಿಗ ಅವನು, ಚರಕ ಹಿಡಿದವನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರ ವಸೂಲು ಮಾಡಿಟ್ಟಿದ್ದ ಕಂದಾಯದ ಹಣದ ಮೇಲೆ ದಾಳಿ ಮಾಡುವಾಗ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದ.

ಗಂಡು-ಹೆಣ್ಣಿನ ಗೆರೆ ದಾಟಿದವರು

ಸವದತ್ತಿ ಎಲ್ಲಮ್ಮನ ಪರಂಪರೆಯಲ್ಲಿ ಗಂಡಾಗಿ ಹುಟ್ಟಿ, ದೇವಿ ಮೈಮೇಲೆ ಬಂದಳೆಂದು ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಚೌಡಿಕೆ ಹಿಡಿಯುವವರು ಜೋಗಪ್ಪಗಳು. ಸಮಾಜ ಅವರಿಗೆ ಪೂಜ್ಯತೆ ಕೊಟ್ಟಿತು, ಮನೆಯಲ್ಲಿ ಜಾಗ ಕೊಡಲಿಲ್ಲ. ಜೋಗತಿ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗತ್ವವನ್ನು ಸ್ವತಃ ಗುರುತಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1 ಮೀಸಲಾತಿ ತಂದಿತು. ರಂಗದ ಮೇಲಂತೂ ಈ ಗೆರೆ ಎಂದೂ ಗಟ್ಟಿಯಾಗಿರಲಿಲ್ಲ. ದೊಡ್ಡಾಟದ ಹೆಣ್ಣುವೇಷ ಗಂಡಸರದೇ ಆಗಿತ್ತು. ಏಣಗಿ ಬಾಳಪ್ಪನವರಂಥ ನಟರು ಎಳವೆಯಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದರು.

ಅಧ್ಯಯನ

ಮಾರ್ಗರೆಟ್ ಮೀಡ್ 1935ರಲ್ಲಿ ನ್ಯೂಗಿನಿಯ ಮೂರು ಬುಡಕಟ್ಟುಗಳನ್ನು ಹೋಲಿಸಿ, ಹೆಣ್ಣು-ಗಂಡಿನ ಸ್ವಭಾವ ಸಂಸ್ಕೃತಿಯ ಎರಕವೆಂದರು. ಅವರ ವಿವರಗಳ ಬಗ್ಗೆ ನಂತರ ತಕರಾರು ಎದ್ದಿತು. ಡೇವಿಡ್ ಗಿಲ್ಮೋರ್ (1990) ಹಲವು ಸಮಾಜಗಳಲ್ಲಿ ಗಂಡಸುತನ ಗೆದ್ದು ಪಡೆಯಬೇಕಾದ ಪದವಿಯಾಗಿರುವುದನ್ನು ತೋರಿಸಿದರು. ರೇವಿನ್ ಕಾನೆಲ್ (1995) ಒಂದೇ ಸಮಾಜದಲ್ಲಿ ಹಲವು ಗಂಡಸುತನಗಳಿದ್ದು ಅವುಗಳಲ್ಲಿ ಒಂದು ಯಜಮಾನಿಕೆ ನಡೆಸುತ್ತದೆಂದರು. ಹಾವೇರಿ ಸೀಮೆಯ ಸಾಮಗ್ರಿಗೆ ಕಾನೆಲ್ ಅವರ ಚೌಕಟ್ಟೇ ಹೆಚ್ಚು ಹೊಂದುತ್ತದೆ. ವಿರಕ್ತ, ವೀರ, ಜೋಕುಮಾರ ಮೂವರೂ ಇಲ್ಲಿ ಒಂದೇ ಕಾಲಕ್ಕೆ ಪೂಜೆ ಪಡೆದಿದ್ದಾರೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಂಥ ಆಚರಣೆಗಳ ಅಧ್ಯಯನಕ್ಕೆ ಹತ್ತಿರದ ಸಂಸ್ಥೆ.

ಇಂದಿನ ಸ್ಥಿತಿ

ಹೊಲವಿದ್ದವನೇ ಗಂಡಸು ಎಂಬ ಲೆಕ್ಕ ಮದುವೆಯ ಮಾತುಕತೆಯಲ್ಲಿ ತಿರುಗಿಬಿದ್ದಿದೆ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಸಂಬಳದ ಕೆಲಸವಿರುವ ವರನಿಗೆ ಬೇಡಿಕೆ; ಊರಲ್ಲಿ ಉಳಿದು ಬೇಸಾಯ ಮಾಡುವವನಿಗೆ ಹೆಣ್ಣು ಸಿಗುವುದು ಕಷ್ಟ. ಮಂಡ್ಯ ಜಿಲ್ಲೆಯ ಅವಿವಾಹಿತ ರೈತಯುವಕರು 2023ರ ಫೆಬ್ರವರಿಯಲ್ಲಿ ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಸುದ್ದಿಯಾಯಿತು. ಸಾಲ ತೀರಿಸಲಾಗದ್ದು ಮನೆಯ ಯಜಮಾನನ ಮಾನಕ್ಕೆ ತಗಲುತ್ತದೆ. ರೈತರ ಆತ್ಮಹತ್ಯೆಗಳಲ್ಲಿ ಈ ಭಾರದ ಪಾಲೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಶೇ 72ಕ್ಕೂ ಹೆಚ್ಚು ಮಂದಿ ಗಂಡಸರು.

ದೇಹ ಮತ್ತು ಕಲ್ಪನೆಗಳ ಗೊಂದಲ ಎದ್ದುಕಾಣುವುದು ಕುಟುಂಬಯೋಜನೆಯಲ್ಲಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ದೇಶದ ವಿವಾಹಿತ ದಂಪತಿಗಳ ಪೈಕಿ ಹೆಂಡತಿಗೆ ಶಸ್ತ್ರಚಿಕಿತ್ಸೆಯಾದವರು ಶೇ 37.9, ಗಂಡನಿಗಾದವರು ಶೇ 0.3. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸರಳ, ಅಪಾಯ ಕಡಿಮೆ. ಆದರೆ ಹಳ್ಳಿಗಳಲ್ಲಿ ಅದನ್ನು ಹೋರಿಯ ಬೀಜ ಒಡೆಸುವುದಕ್ಕೆ ಹೋಲಿಸುವುದುಂಟು. ಶಕ್ತಿ ಹೋಗುತ್ತದೆ, ಭಾರ ಎತ್ತಲಾಗುವುದಿಲ್ಲ ಎಂಬ ಆಕ್ಷೇಪ ಕೇಳಿಬರುತ್ತದೆ. ವ್ಯಾಸೆಕ್ಟಮಿಯಲ್ಲಿ ವೀರ್ಯಾಣು ಸಾಗುವ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ವೃಷಣ ಹಾಗೆಯೇ ಉಳಿಯುತ್ತದೆ, ಟೆಸ್ಟೊಸ್ಟೆರೋನ್ ಮೊದಲಿನಂತೆಯೇ ರಕ್ತಕ್ಕೆ ಸೇರುತ್ತದೆ. ಗಾಯ ಮಾಯ್ದ ಮೇಲೆ ಹೊಲದ ಕೆಲಸಕ್ಕೆ ಅಡ್ಡಿಯಿಲ್ಲ.